ಗಾಲಿಯೋ ಗಾಳಿಯೋ

ಬಾಗಿಲ ಬಿಜಾಗರಿ ಕಿರುಗುಡುತ್ತಿತ್ತೆಂದು ಬೆಳಿಗ್ಗೆ ನಾಲ್ಕು ಹನಿ ಹರಳೆಣ್ಣೆ ಬಿಟ್ಟೆ. ಬಿಜಾಗರಿ ಸುಮ್ಮನಾಯಿತು, ನಾನು ಆಗಲಿಲ್ಲ. ಬಿಸಿಲಿಗೆ ಕಾದ ಕಬ್ಬಿಣದಿಂದ ಹರಳೆಣ್ಣೆಯ ವಾಸನೆ ಎದ್ದರೆ ನನಗೆ ಇಂದಿಗೂ ಎತ್ತಿನ ಗಾಡಿಯ ಅಚ್ಚು ನೆನಪಾಗಿ ಅಂಗೈ ಬೆವರುತ್ತದೆ. ನಿಮಗೆ ನಗು ಬರಬಹುದು. ಅಕ್ಕನಿದ್ದಿದ್ದರೆ ಅವಳೂ ನಗುತ್ತಿದ್ದಳು.

ಅಕ್ಕನೆಂದರೆ ನಮ್ಮ ದೊಡ್ಡಪ್ಪನ ಮಗಳು ಶರಣಮ್ಮ. ನಿಜಾಮರ ಕಾಲ ಮುಗಿದು ಶಾಲೆಗಳಿಗೆ ಕನ್ನಡ ಬಂದ ಹೊಸತು. ಮಸ್ಕಿಯ ಹತ್ತಿರದ ನಮ್ಮ ಹಳ್ಳಿಯಲ್ಲಿ ಇನ್ನೂ ಶಾಲೆ ಸೇರದ ಮಕ್ಕಳನ್ನು ಅವಳು ಕಟ್ಟೆಯ ಮೇಲೆ ಕೂಡಿಸಿಕೊಳ್ಳುತ್ತಿದ್ದಳು. ಪಾಟಿಯಿಲ್ಲ, ಬಳಪವಿಲ್ಲ. ಕಣ್ಣು ಮುಚ್ಚಿ ಕೇಳಬೇಕು, ಅಷ್ಟೇ. ‘ಮೊಲ’ ಎಂದರೆ ಜಿಗಿಯಬೇಕು, ‘ಮೊಳ’ ಎಂದರೆ ಕೈ ಚಾಚಬೇಕು. ‘ಗಾಲಿ’ಗೆ ಕೈ ತಿರುಗಿಸಬೇಕು, ‘ಗಾಳಿ’ಗೆ ಉಫ್ ಎಂದು ಊದಬೇಕು. ಹೈದರಾಬಾದಿನ ಕಾಲೇಜಿನಿಂದ ರಜೆಗೆ ಬಂದಿದ್ದ ನನಗೆ ಇದೊಂದು ತಮಾಷೆ.

“ಶಾಲಿ ನಡಸಾಕತ್ತೀಯೋ, ಸರ್ಕಸ್ಸೋ?” ಎಂದು ಕೆಣಕಿದೆ.

“ಅಕ್ಷರ ಕಣ್ಣಿಗೆ ಬೀಳೂಕಿಂತ ಮೊದಲ ಕಿವಿಗೆ ಬೀಳಬೇಕೋ. ನೀ ಕಾಲೇಜಿಗೆ ಹೋಗಿ ಕಿವಿ ಅಲ್ಲೇ ಬಿಟ್ಟು ಬಂದೀಯೇನು?” ಎಂದಳು ಅಕ್ಕ.

ಮನೆಯಲ್ಲಿ ದಖ್ಖನಿ ಮಾತಾಡುವ ಪುಟ್ಟ ರಾಬಿಯಾಳಿಗೆ ಈ ಆಟ ಕಷ್ಟ. ಅವಳ ಬಾಯಲ್ಲಿ ಗಾಳಿಯೂ ಗಾಲಿಯೇ. ಮಕ್ಕಳು ನಗುತ್ತಿದ್ದರು. ಅಕ್ಕ ಅವಳನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಕಿವಿಯ ಹತ್ತಿರ ಬಾಯಿ ತಂದು, ಆ ಎರಡೇ ಸದ್ದುಗಳನ್ನು ಮತ್ತೆ ಮತ್ತೆ ಕೇಳಿಸುತ್ತಿದ್ದಳು. ಸಂಜೆಯ ಹೊತ್ತು, ಆ ತಗ್ಗಿದ ದನಿ. ಅದನ್ನೊಮ್ಮೆ ಕೇಳಲು ಈಗ ನಾನು ಏನು ಬೇಕಾದರೂ ಕೊಟ್ಟೇನು.

ಮಕ್ಕಳ ಹೆಸರು ಹಚ್ಚಲು ಮಸ್ಕಿಯ ಶಾಲೆಗೆ ಹನುಮಪ್ಪನ ಗಾಡಿಯಲ್ಲಿ ಹೊರಟೆವು. ಗಾಳಿ ಜೋರಾಗಿತ್ತು. ಹಳ್ಳಕ್ಕೆ ಇಳಿಯುವ ದಾರಿ, ಪಕ್ಕದಲ್ಲಿ ಆಳದ ಕೊರಕಲು. ಗಾಡಿಯ ಅಂಚಿಗೆ ಕುಳಿತ ರಾಬಿಯಾ ಬೀಳುವ ಹೆದರಿಕೆಗೆ ಎರಡೂ ಕೈಯಲ್ಲಿ ಗೂಟ ಹಿಡಿದಿದ್ದಳು.

“ಗಾಲಿ, ಗಾಲಿ,” ಎಂದಳು.

“ಗಾಳಿ ಅನ್ನಬೇ,” ಎಂದು ಮಕ್ಕಳೆಲ್ಲ ಗೊಳ್ಳೆಂದರು.

“ಹೌದವ್ವಾ, ಗಾಳಿ ಬಿಟ್ಟೈತಿ. ಹಾರಿ ಹೋಗಬ್ಯಾಡ, ಗಟ್ಟ್ಯಾಗಿ ಹಿಡಕೊ,” ಎಂದ ಹನುಮಪ್ಪ. ನಾನೂ ನಕ್ಕೆ.

ಹುಡುಗಿ ನಮ್ಮೆಲ್ಲರ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿ, ನಾಲಿಗೆ ಮಡಿಸಿ, ಮೆಲ್ಲಗೆ “ಗಾಳಿ” ಎಂದಳು.

ಅಕ್ಕ ತಟ್ಟನೆ ಎದ್ದಳು. “ಹನುಮಪ್ಪ, ಗಾಡಿ ನಿಂದ್ರಸು.”

“ಇಲ್ಲಿ ಯಾಕ್ರೀ ಅಕ್ಕಾರ?”

“ನಿಂದ್ರಸು ಅಂದೆ. ಅಕಿಗೆ ಈಗ ‘ಗಾಳಿ’ ಅನ್ನಾಕ ಬರ್ತೈತಿ. ಮೊದಲ ‘ಗಾಲಿ’ ಅಂದಿದ್ದು ಗಾಲಿಗೇ.”

ಹನುಮಪ್ಪ ಹಗ್ಗ ಜಗ್ಗಿ ಇಳಿದು ನೋಡಿದ. ಗಾಲಿ ಕಳಚದಂತೆ ತಡೆಯುವ ಕಡಾಣಿ ಎಲ್ಲೋ ಉದುರಿತ್ತು. ಗಾಲಿ ಅಚ್ಚಿನ ತುದಿಗೆ ಸರಿದಿತ್ತು. ಉಸಿರು ಹಿಡಿದು ಮಕ್ಕಳನ್ನು ಒಬ್ಬೊಬ್ಬರಾಗಿ ಇಳಿಸಿದೆವು. ಎಲ್ಲರೂ ಇಳಿದ ಮೇಲೆ ಗಾಡಿ ವಾಲಿತು, ಗಾಲಿ ಕಳಚಿ ಕಲ್ಲಿಂದ ಕಲ್ಲಿಗೆ ಬಡಿಯುತ್ತ ಕೊರಕಲಿಗೆ ಉರುಳಿತು. “ಯಪ್ಪಾ” ಎಂದು ಹನುಮಪ್ಪ ಅಲ್ಲೇ ಕುಕ್ಕರಿಸಿದ. ಅಕ್ಕ ರಾಬಿಯಾಳನ್ನು ಎತ್ತಿಕೊಂಡಳು.

ಅಕ್ಕ ಹೋಗಿ ಬಹಳ ವರ್ಷವಾಯಿತು. ಇಷ್ಟು ಕಾಲವೂ ನನ್ನ ಕಣ್ಣ ಮುಂದೆ ಉರುಳಿದ್ದು ಆ ಗಾಲಿಯೇ. ಇವತ್ತು ಕಣ್ಣು ಮುಚ್ಚಿ ಕುಳಿತಾಗ ಕೇಳಿಸಿದ್ದು ಬೇರೆ: ನಮ್ಮ ನಗುವಿಗೆ ಹೆದರಿ ಆ ಮಗು ಆಡಿದ ಎರಡನೆಯ ಮಾತು. ಎಷ್ಟು ಶುದ್ಧವಾಗಿತ್ತು ಆ ಉಚ್ಚಾರ. ನಮಗೆಲ್ಲ ಅದೇ ಬೇಕಾಗಿತ್ತು. ಅಕ್ಕ ಒಬ್ಬಳಿಲ್ಲದಿದ್ದರೆ ಆ ಸರಿಯಾದ ಮಾತನ್ನೇ ನಂಬಿ ನಾವೆಲ್ಲ ಕೊರಕಲಿಗೆ ಬೀಳುತ್ತಿದ್ದೆವು.

ಅಂಗಳದಲ್ಲಿ ಮೊಮ್ಮಗಳು ಏನೋ ಅಂದಳು. ಸೊಸೆ ತಿದ್ದಿದಳು. ಮಗು ತಿದ್ದಿದ್ದನ್ನೇ ಒಪ್ಪಿಸಿತು. ನಾನು ಎದ್ದು ಹೋಗಿ ಅವಳ ಮುಂದೆ ಕುಳಿತೆ.

“ಮೊದಲ ಏನಂದಿ ನನ್ನವ್ವ? ಅದನ್ನ ಹೇಳು.”