ನೊಣಗಿಡಕ್ಕೆ ಕಿಟಕಿ ಕೊಡಿಸಿದ ಲೈಟಕ್ಕ

ನೊಣ ಹಿಡಿಯುವ ಗಿಡದ ಹೊಟ್ಟೆ ತುಂಬುವುದು ಬಿಸಿಲಿನಿಂದ. ನೊಣ ನಂಚಿಕೊಳ್ಳುವುದಕ್ಕೆ ಮಾತ್ರ. ಇಷ್ಟು ಗೊತ್ತಿಲ್ಲದವರೇ ಅದನ್ನು ಮಾರುತ್ತಾರೆ, ಗೊತ್ತಿಲ್ಲದವರೇ ಕೊಳ್ಳುತ್ತಾರೆ. ಸಾಯುವುದು ಮಾತ್ರ ಗಿಡ.

ಹಲ್ಲಿನ ಡಾಕ್ಟರೊಬ್ಬರು ಇಂಥದೊಂದನ್ನು ತಂದು ಕ್ಲಿನಿಕ್ಕಿನ ಕೌಂಟರ್ ಮೇಲೆ, ಟ್ಯೂಬ್‌ಲೈಟ್ ಕೆಳಗೆ ಇಟ್ಟರು. ಕಾಯುವ ಮಕ್ಕಳಿಗೆ ಆಟಕ್ಕಂತೆ. ಮಕ್ಕಳು ಬಿಡಿ, ಅವರ ಅಪ್ಪಂದಿರೇ ಹಲ್ಲುಕಡ್ಡಿ ಹಿಡಿದು ಗಿಡದ ಬಾಯಿಯಂಥ ಎಲೆಗಳನ್ನು ಕೆಣಕಿದರು. ಏನೂ ಸಿಗದೆ ಬಾಯಿ ಮುಚ್ಚಿ ತೆರೆದು, ಮುಚ್ಚಿ ತೆರೆದು, ಗಿಡ ತಿಂಗಳಲ್ಲೇ ಕಪ್ಪಾಗಿ ಜೋತುಬಿತ್ತು.

"ಎಸೆದುಬಿಡಮ್ಮ, ಇನ್ನೊಂದು ತರೋಣ" ಅಂದರು ಡಾಕ್ಟರು. ಅದು ಆಗಲೇ ಮೂರನೆಯದು.

ಕೌಂಟರಿನಲ್ಲಿ ಕೂರುವವಳಿಗೆ ಎಸೆಯಲು ಮನಸ್ಸಾಗಲಿಲ್ಲ. ಕುಂಡ ಎತ್ತಿಕೊಂಡು ಅಕ್ಕನ ಫೋಟೋ ಸ್ಟುಡಿಯೋಗೆ ಹೋದಳು. ಅಕ್ಕ ಇಪ್ಪತ್ತು ವರ್ಷದಿಂದ ಪಾಸ್‌ಪೋರ್ಟ್ ಫೋಟೋ ತೆಗೆಯುವವಳು. "ಗದ್ದ ಕೆಳಗೆ, ನಗಬೇಡಿ" ಅಂತ ಇಡೀ ಬೀದಿಯ ನಗು ನಿಲ್ಲಿಸಿದವಳು. ಬೀದಿಯವರಿಗೆ ಲೈಟಕ್ಕ. "ಇದಕ್ಕೆ ಬೆಳಕು ಸಾಲದು ಅಕ್ಕಾ" ಅಂದಳು ತಂಗಿ.

"ಬೆಳಕಿನ ವಿಷಯ ನನಗೇ ಹೇಳಿಕೊಡ್ತೀಯೇನೇ?" ಎನ್ನುತ್ತ ಲೈಟಕ್ಕ ಗಿಡವನ್ನು ನೇರ ತಾರಸಿಗೆ ಒಯ್ದು ಉರಿಬಿಸಿಲಿನಲ್ಲಿ ಕೂರಿಸಿದಳು. ಮಂಕಾದ ಫೋಟೋಗೆ ಬೆಳಕು ಸುರಿದರೆ ಸರಿಹೋಗುತ್ತದೆ, ಗಿಡಕ್ಕೇನು ಕೊಂಬೇ? ಸಂಜೆಗೆ, ಉಳಿದಿದ್ದ ನಾಲ್ಕು ಎಲೆಗಳಲ್ಲಿ ಎರಡು ಸುಟ್ಟ ಕಾಗದ.

"ಡಾಕ್ಟ್ರು ನಿಧಾನಕ್ಕೆ ಕೊಲ್ತಿದ್ರು. ನೀನು ಒಂದೇ ದಿನಕ್ಕೆ ಮುಗಿಸ್ತಿದ್ದೀಯಲ್ಲೇ ಅಕ್ಕಾ!"

ಲೈಟಕ್ಕನ ಮುಖ ಸಪ್ಪಗಾಯಿತು. ಡಾರ್ಕ್‌ರೂಮಿನಿಂದ ಹೊರಬಂದ ಕಣ್ಣು ಎರಡು ನಿಮಿಷದಲ್ಲಿ ಬೆಳಕಿಗೆ ಒಗ್ಗುತ್ತದೆ; ಎಲೆಗೆ ವಾರಗಳು ಬೇಕು. ಸ್ಟುಡಿಯೋದ ಬಿಳಿ ಪರದೆ ಕತ್ತರಿಸಿ ಕುಂಡಕ್ಕೆ ನೆರಳು ಕಟ್ಟಿದಳು. ಬೆಳಗಿನ ಎಳೆಬಿಸಿಲು ಒಂದು ಗಂಟೆ, ನಾಲ್ಕು ದಿನಕ್ಕೊಮ್ಮೆ ಇನ್ನರ್ಧ ಗಂಟೆ ಹೆಚ್ಚು. ಕುಂಡದಡಿಯ ತಟ್ಟೆಗೆ ನಲ್ಲಿನೀರಲ್ಲ, ಹಿಡಿದಿಟ್ಟ ಮಳೆನೀರು. ಗದ್ದ ಕೆಳಗೆ ಮಾಡಿ ಕೂತ ಗಿರಾಕಿಯನ್ನು ಹಾಗೇ ಬಿಟ್ಟು ತಾರಸಿಗೆ ಓಡಿದ್ದೂ ಉಂಟು. ಐದನೇ ವಾರ ಹೊಸ ಎಲೆ ಬಂತು; ಒಳಗೆಲ್ಲ ಕೆಂಪು, ಬೈಯಲು ತೆರೆದ ಬಾಯಿಯ ಹಾಗೆ.

ಸುದ್ದಿ ಕೇಳಿ ಡಾಕ್ಟರಿಗೆ ಖುಷಿಯೋ ಖುಷಿ. "ತಂದು ಕೌಂಟರ್ ಮೇಲಿಡು!"

ಗಿಡದ ಜತೆ ಲೈಟಕ್ಕನೂ ಬಂದಳು, ಕೈಯಲ್ಲಿ ಬೆಳಕು ಅಳೆಯುವ ಹಳೇ ಮೀಟರ್. ಕೌಂಟರ್ ಮೇಲೆ ಹಿಡಿದರೆ ಮುಳ್ಳು ಅಲುಗಲೊಲ್ಲದು. ಬಿಸಿಲು ಬೀಳುವ ಕಿಟಕಿ ಅಲ್ಲಿದ್ದುದು ಒಂದೇ; ಅದರಲ್ಲಿ ಮೊಳದುದ್ದದ ಪ್ಲಾಸ್ಟಿಕ್ ಹಲ್ಲು ಕಾಲುಚಾಚಿ ಕೂತಿತ್ತು.

"ಡಾಕ್ಟ್ರೇ, ಈ ಹಲ್ಲು ಇನ್ನೂ ಬೆಳೀಬೇಕಾ?"

"ಅದು ಸುಮ್ನೆ ಚಂದಕ್ಕಮ್ಮ."

"ಹಾಗಾದ್ರೆ ಅದು ಕೌಂಟರ್‌ಗೆ. ಎಷ್ಟು ಕಡ್ಡಿ ಚುಚ್ಚಿದ್ರೂ ನೋಯಲ್ಲ. ಕಿಟಕಿ ಗಿಡಕ್ಕೆ. ಆಗಲ್ಲ ಅಂದ್ರೆ ಹೇಳಿ, ಇದನ್ನ ವಾಪಸ್ ಕರ್ಕೊಂಡು ಹೋಗ್ತೀನಿ."

ಡಾಕ್ಟರು ಲೈಟಕ್ಕನ ತಂಗಿಯ ಮುಖ ನೋಡಿದರು. ತಂಗಿ ರಿಜಿಸ್ಟರಿನ ಮುಖ ನೋಡಿದಳು. ಕೊನೆಗೆ ಅವರೇ ಎದ್ದು ಹಲ್ಲನ್ನು ಎತ್ತಿದರು.

ಎಲ್ಲ ಗಿಡಕ್ಕೂ ಲೈಟಕ್ಕ ಸಿಗುವುದಿಲ್ಲ. ನಿಮ್ಮ ಕಂಪ್ಯೂಟರಿನ ಪಕ್ಕ, ಬಚ್ಚಲಿನ ಮೂಲೆಯಲ್ಲಿ ಒಂದನ್ನು ಕೂರಿಸಿದ್ದೀರಲ್ಲ? ಏಳಿ. ಈಗಲೇ ಕಿಟಕಿಗೆ ಒಯ್ಯಿರಿ. ನಾಳೆ ಬೆಳಗ್ಗೆ ಒಂದೇ ಗಂಟೆ ಬಿಸಿಲು ತೋರಿಸಿ, ಆಮೇಲೆ ದಿನ ಎಣಿಸಿ ಹೆಚ್ಚಿಸಿ. ಅಷ್ಟು ಪುರುಸೊತ್ತಿಲ್ಲದಿದ್ದರೆ ಕೊಳ್ಳಲೇಬೇಡಿ.