ಹೊನ್ನಮ್ಮನವರಿಗೊಂದು ಜಾಗ

ಕೊರೊನಾ ಕಳೆದು ಜನ ಮಾಸ್ಕ್ ಮರೆಯುತ್ತಿದ್ದ ವರ್ಷ ನನಗೆ ಕೊನೆಯ ಪೋಸ್ಟಿಂಗ್ ಬಂತು. ಹುಣಸಮಾರನಹಳ್ಳಿಯಿಂದ ಒಳಕ್ಕೆ ತಿರುಗಿದರೆ ಸಿಗುವ ಒಂದು ಗ್ರಾಮ ಪಂಚಾಯಿತಿಗೆ ನಾನು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಊರಿನ ಹೆಸರು ಬೇಡ, ಅಲ್ಲಿಯವರು ಈಗಲೂ ನನಗೆ ಬೇಕಾದವರು. ಆ ಪಂಚಾಯಿತಿ ಕೆಲವೇ ತಿಂಗಳಲ್ಲಿ ನಗರದ ಆಡಳಿತಕ್ಕೆ ಸೇರುವುದಿತ್ತು. ಬಾಗಿಲು ಹಾಕುವ ಅಂಗಡಿಗೆ ಕೂರಿಸಿದ್ದಾರೆ ನಿಮ್ಮನ್ನ, ಎಂದು ಸಹೋದ್ಯೋಗಿಗಳು ಕಿಚಾಯಿಸಿದರು. ನಾನೂ ನಕ್ಕೆ. ಮದುವೆಯಾಗದ, ಊರೂರು ವರ್ಗವಾಗಿ ಬಂದ ಹೆಂಗಸಿಗೆ ಯಾವ ಅಂಗಡಿಯಾದರೇನು? ಯಲಹಂಕದಲ್ಲಿ ಒಂದು ಬಾಡಿಗೆ ಮನೆ ಹಿಡಿದೆ. ಒಬ್ಬಳಿಗಾಗಿ ಅನ್ನಕ್ಕಿಡುವುದು ಎಷ್ಟು ಬೇಸರದ ಕೆಲಸವೆಂದು ಒಬ್ಬರೇ ಇರುವವರನ್ನು ಕೇಳಬೇಕು.

ಅಧ್ಯಕ್ಷೆ ರತ್ನಮ್ಮ, ಮಹಿಳಾ ಮೀಸಲಾತಿಯಲ್ಲಿ ಗೆದ್ದವರು. ಆದರೆ ಊರೆಲ್ಲ 'ಅಧ್ಯಕ್ಷರು' ಎನ್ನುತ್ತಿದ್ದದ್ದು ಅವರ ಗಂಡ ಕೆಂಪಣ್ಣನವರನ್ನು. ಸಭೆಯಲ್ಲಿ ಮಾತು ಅವರದು, ಸಹಿ ಮಾತ್ರ ಈಕೆಯದು. ರತ್ನಮ್ಮ ಕುರ್ಚಿಯ ತುದಿಯಲ್ಲಿ ಕೂತು ಸೆರಗು ಸರಿಪಡಿಸಿಕೊಳ್ಳುತ್ತಾ, ಇದು ಮುಗಿದರೆ ಸಾಕಪ್ಪ ಅನ್ನುವ ಮುಖದಲ್ಲಿರುತ್ತಿದ್ದರು. ಇಂಥದ್ದನ್ನು ನಾನು ಹತ್ತಾರು ಕಡೆ ನೋಡಿದ್ದೆ, ಹಾಗಾಗಿ ಸಿಟ್ಟೂ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನು ಡಬ್ಬಿ ಬಿಚ್ಚಿದ್ದೆ. ರತ್ನಮ್ಮ ಒಬ್ಬರೇ ಬಂದು ಎದುರಿಗೆ ಕೂತರು. ಅತ್ತೆ ಹೊನ್ನಮ್ಮ ಹಾಸಿಗೆ ಹಿಡಿದಿದ್ದಾರೆ, ಡಾಕ್ಟರು ಕೈಬಿಟ್ಟಿದ್ದಾರೆ ಎಂದರು. ಸಮಾಧಾನ ಹೇಳಲು ಬಾಯಿ ತೆರೆದೆ. ಅವರಿಗೆ ಬೇಕಾಗಿದ್ದದ್ದು ಸಮಾಧಾನವಲ್ಲ.

"ಅತ್ತೆ ದಿನಾ ಕೇಳ್ತಾರೆ ಮೇಡಂ, ನನ್ನ ಎಲ್ಲಿ ಮಡಗ್ತೀಯವ್ವಾ ಅಂತ. ಏನೇಳ್ಲಿ?"

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಆ ಊರಿನ ಒಕ್ಕಲು ಮನೆಗಳಲ್ಲಿ ಸತ್ತವರನ್ನು ಸ್ವಂತ ಹೊಲದ ಮೂಲೆಯಲ್ಲೇ ಮಣ್ಣು ಮಾಡುವುದು ರೂಢಿ. ಹಾಗಾಗಿ ಊರಿಗೊಂದು ಸ್ಮಶಾನ ಬೇಕೆಂದು ಅವರಿಗೆ ಅನಿಸಿದ್ದೇ ಇಲ್ಲ. ಅಪಾರ್ಟ್‌ಮೆಂಟ್ ಕಟ್ಟುವ ಬಿಲ್ಡರಿಗೆ ಹೊಲ ಮಾರುವಾಗ ರಸ್ತೆ, ಬೋರ್‌ವೆಲ್, ಮರ ಎಲ್ಲ ಮಾತಾಡಿದರು. ಸಾವಿನ ಮಾತು ಯಾರೂ ಎತ್ತಲಿಲ್ಲ. ಒಳ್ಳೆಯ ವ್ಯವಹಾರದ ಹೊತ್ತಲ್ಲಿ ಅಪಶಕುನ ಯಾಕೆ ಎಂದಿರಬೇಕು. ಹೊನ್ನಮ್ಮನವರ ಗಂಡನ ಸಮಾಧಿ ಈಗ ಅಪಾರ್ಟ್‌ಮೆಂಟ್ ಕಾಂಪೌಂಡಿನ ಒಳಗೆ, ವಾಕಿಂಗ್ ಟ್ರ್ಯಾಕಿನ ಪಕ್ಕ ಹೊಂಗೆ ಮರದ ಕೆಳಗಿದೆ. ಕಟ್ಟಿದವರು ಕಲ್ಲು ಕೀಳಲಿಲ್ಲ, ಅದು ಅವರ ದೊಡ್ಡತನ. ಪಿತೃಪಕ್ಷದಲ್ಲಿ ಎಡೆ ಇಡಲು ಹೋದರೆ ಗೇಟಿನಲ್ಲಿ ಸೆಕ್ಯೂರಿಟಿಯವನು ಯಾವ ಫ್ಲ್ಯಾಟಿಗೆ ಎಂದು ಕೇಳುತ್ತಾನಂತೆ. ಅಲ್ಲಿ ಇನ್ನೊಂದು ಗುಂಡಿ ತೋಡುವ ಮಾತೇ ಇರಲಿಲ್ಲ.

ಉಳಿದಿದ್ದ ದಾರಿ ಒಂದೇ. ಅಪಾರ್ಟ್‌ಮೆಂಟಿನ ಎದುರಿಗೆ, ಹಿಂದೆ ದನ ಮೇಯುತ್ತಿದ್ದ ಗೋಮಾಳದ ಒಂದು ತುಂಡು ಖಾಲಿ ಇತ್ತು. ಗ್ರಾಮಸಭೆ ನಿರ್ಣಯ ಮಾಡಿ ಕಳಿಸಿದರೆ ತಹಸೀಲ್ದಾರರು ಅದನ್ನು ರುದ್ರಭೂಮಿಗೆ ಕಾಯ್ದಿರಿಸಬಹುದು. ಪಂಚಾಯಿತಿ ಮುಗಿದರೆ ಗ್ರಾಮಸಭೆಯೂ ಮುಗಿಯಿತು, ಕೇಳುವವರೂ ಇಲ್ಲ. ನಾನು ಸಭೆಗೆ ದಿನ ಗೊತ್ತುಮಾಡಿದೆ.

ಕೆಂಪಣ್ಣನವರು ಬಂದು ಬಾಗಿಲು ಮುಂದೆ ಮಾಡಿದರು. ಮುಂದಿನ ನಗರ ಚುನಾವಣೆಗೆ ಟಿಕೆಟ್ ಕೇಳುತ್ತಿದ್ದಾರೆಂದು ಊರಿಗೇ ಗೊತ್ತಿತ್ತು. ಊರಿನ ವೋಟಿಗಿಂತ ಅಪಾರ್ಟ್‌ಮೆಂಟಿನ ವೋಟು ಜಾಸ್ತಿ. ಅಲ್ಲಿಯವರು ಅದೇ ಜಾಗದಲ್ಲಿ ಪಾರ್ಕ್ ಕೇಳಿದ್ದಾರೆ, ಬಾಲ್ಕನಿ ಎದುರು ಸ್ಮಶಾನ ಮಾಡಿ ವೋಟು ಕೇಳಲಾ ಎಂದರು. ನಿಮ್ಮ ತಾಯಿಗೇ ಜಾಗವಿಲ್ಲವಲ್ಲ ಎಂದೆ. "ಸುಟ್ರಾಯ್ತು ಬುಡಿ ಮೇಡಂ" ಎಂದು ಎದ್ದುಹೋದರು. ಆ ಮಾತು ಹೇಳುವಾಗ ಅವರ ದನಿಯೇ ಅವರಿಗೆ ಕೈಕೊಟ್ಟಿತ್ತು.

ಸಭೆಯ ದಿನ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿಸಿದ್ದೆ. ಗ್ರಾಮಸಭೆಗೆ ಇಂತಿಷ್ಟು ಮತದಾರರಾದರೂ ಸೇರಲೇಬೇಕು, ಅದಕ್ಕೆ ಕೋರಂ ಎನ್ನುತ್ತೇವೆ. ಕೋರಂ ಇಲ್ಲದಿದ್ದರೆ ಸಭೆ ಇಲ್ಲ. ಊರಿನಿಂದ ಒಬ್ಬರೂ ಬರಲಿಲ್ಲ. ಬರಬೇಡಿ ಎಂದು ಕೆಂಪಣ್ಣ ಮನೆಮನೆಗೆ ಹೇಳಿಸಿದ್ದರು. ಖಾಲಿ ಕುರ್ಚಿಗಳ ಮುಂದೆ ನಾನು, ರತ್ನಮ್ಮ ಇಬ್ಬರೇ. ಸರ್ವಿಸಿನಲ್ಲಿ ಅಷ್ಟು ಒಂಟಿ ಅನಿಸಿದ ಗಳಿಗೆ ಇನ್ನೊಂದಿಲ್ಲ. ಮೈಕಿನವನು ಕಟ್ಟಿಡಲಾ ಎಂದು ಎರಡು ಸಲ ಕೇಳಿದ.

ಆಗ ಗೇಟಿನಲ್ಲಿ ಜನ ಕಾಣಿಸಿದರು. ಅಪಾರ್ಟ್‌ಮೆಂಟಿನವರು, ಪಾರ್ಕೇ ಬೇಕೆಂದು ಬೋರ್ಡು ಬರೆಸಿಕೊಂಡು ಗುಂಪಾಗಿ ಬರುತ್ತಿದ್ದರು. ಅವರು ಹಿಂದೆ ಯಾವ ಗ್ರಾಮಸಭೆಗೂ ಬಂದವರಲ್ಲ. ಹಾಗಾಗಿ ಅವರಿಗೆ ಬರಬೇಡಿ ಎನ್ನಲು ಕೆಂಪಣ್ಣನವರಿಗೆ ತೋಚಿರಲೇ ಇಲ್ಲ. ಎಲ್ಲರೂ ಇಲ್ಲಿನ ಮತದಾರರೇ. ಹಾಜರಿಗೆ ಸಹಿ ಹಾಕುತ್ತಾ ಹೋದರು, ಕೋರಂ ಆಯಿತು! ವಿರೋಧ ಮಾಡಲು ಬಂದವರೇ ಸಭೆ ನಡೆಸಿಕೊಟ್ಟರು.

ಸುದ್ದಿ ತಿಳಿದು ಕೆಂಪಣ್ಣ ಓಡೋಡಿ ಬಂದು ಎಂದಿನಂತೆ ಮೈಕಿಗೆ ಕೈ ಚಾಚಿದರು. ರತ್ನಮ್ಮ ಕೊಡಲಿಲ್ಲ.

"ನಮ್ಮೋರು ಜಮೀನು ಕೊಟ್ರು, ನೀವು ಬಂದ್ರಿ, ಸಂತೋಸ. ಸತ್ತೋರಿಗೆ ಜಾಗ ಮಡಗೋದ ಮರೆತ್ರು. ನಮ್ಮಾವ ನಿಮ್ಮ ಕಾಂಪೌಂಡ್‌ನಾಗವ್ರೆ. ನಮ್ಮತ್ತೆ ಎಲ್ಲಿಗೋಗ್ಬೇಕು? ನೀವೇ ಏಳಿ."

ಹಿಂದಿನ ಸಾಲಿನಿಂದ ನಡುವಯಸ್ಸಿನ ಒಬ್ಬರು ಎದ್ದರು. "ಕೋವಿಡ್ ಟೈಮಲ್ಲಿ ನಮ್ಮಪ್ಪನ್ನ ಆಂಬುಲೆನ್ಸಲ್ಲಿ ಮಲಗಿಸ್ಕೊಂಡು ಸ್ಮಶಾನದ ಮುಂದೆ ಟೋಕನ್ ಹಿಡ್ಕೊಂಡು ಕ್ಯೂ ನಿಂತಿದ್ದೆ. ಎದುರಿಗಿರೋ ಬಾಲ್ಕನಿ ನಂದೇ ಕಣ್ರೀ. ನನ್ನದೇನೂ ಅಬ್ಜೆಕ್ಷನ್ ಇಲ್ಲ." ಅವರು ಕೈ ಎತ್ತಿದರು. ಪಕ್ಕದವರು ಎತ್ತಿದರು. ಎಲ್ಲರೂ ಎತ್ತಲಿಲ್ಲ, ಕೆಲವರು ಗೊಣಗುತ್ತಾ ಎದ್ದು ಹೋದರು. ಬಹುಮತಕ್ಕೆ ಸಾಕಾಯಿತು. ನಿರ್ಣಯಕ್ಕೆ ರತ್ನಮ್ಮ ಯಾರ ಮುಖವನ್ನೂ ನೋಡದೆ ಸಹಿ ಹಾಕಿದರು.

ತಹಸೀಲ್ದಾರರ ಆದೇಶ ಬಂದ ಮೇಲೆ ಹೊನ್ನಮ್ಮ ಹೆಚ್ಚು ದಿನ ಇರಲಿಲ್ಲ. ಆ ನೆಲದ ಮೊದಲ ಗುಂಡಿ ಅವರದೇ. ಮೊದಲ ಹಿಡಿ ಮಣ್ಣು ಹಾಕಿದ ಕೆಂಪಣ್ಣ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತರು. ಪಂಚಾಯಿತಿ ಮುಗಿಯಿತು, ಬೋರ್ಡು ಇಳಿಸಿದರು. ನಾನೂ ನಿವೃತ್ತಳಾದೆ.

ಆ ವರ್ಷದ ಪಿತೃಪಕ್ಷಕ್ಕೆ ರತ್ನಮ್ಮ ಕರೆದರು, ಹೋದೆ. ಅಷ್ಟು ಅಗಲದ ಬಯಲಿನಲ್ಲಿ ಇನ್ನೂ ಒಂದೇ ಸಮಾಧಿ. ಎಡೆ ಇಟ್ಟು, ಕೈ ತೊಳೆದುಕೊಂಡು, ರತ್ನಮ್ಮ ಎದುರಿನ ಕಾಂಪೌಂಡಿನ ಹೊಂಗೆ ಮರವನ್ನೇ ನೋಡಿದರು. ಮಾವ ಆ ಕಡೆ, ಅತ್ತೆ ಈ ಕಡೆ, ನಡುವೆ ರಸ್ತೆ. ನಾವು ಗೆದ್ದೆವೆಂದು ನಾನು ಅಂದುಕೊಂಡಿದ್ದೆ. ಆಡಳಿತ ಜಾಗ ಕೊಡಬಲ್ಲದು, ಜೊತೆ ಕೊಡಲಾರದು ಎಂದು ಈ ಕೆಲಸ ನನಗೆ ಕಲಿಸಿದ್ದು ಅವತ್ತು.

"ನಿಮ್ದು ಎಲ್ಲಿ ಮೇಡಂ?" ಎಂದು ರತ್ನಮ್ಮ ಕೇಳಿದರು.

ಊರು, ಹೊಲ ಏನೂ ಇಲ್ಲದವಳು ನಾನು. ಗೊತ್ತಿಲ್ಲ ಎಂದೆ. ಅವರು ನನ್ನ ಕೈಗೆ ಒಂದು ಕಜ್ಜಾಯ ಇಟ್ಟರು.

"ಇಲ್ಲೇ ಬಂದ್ಬುಡಿ. ನಮ್ಮತ್ತೆ ಒಬ್ರೇ ಅವ್ರೆ."