ಕಾಕಾನ ಆಯಸ್ಕಾಂತದ ಟೊಪ್ಪಿಗೆ

ನಾನು ಯಾರ ದನಿಯನ್ನಾದರೂ ತೆಗೆಯಬಲ್ಲೆ. ಜಮಖಂಡಿ ಬಸ್ಸಿನ ಕಂಡಕ್ಟರು, ಪಾಳಿ ಬದಲಾಗುವಾಗ ಕೂಗುವ ಸಕ್ಕರೆ ಕಾರ್ಖಾನೆಯ ಭೋಂಗಾ, ಪುರಾಣ ಹೇಳುವ ಸ್ವಾಮಿಗಳ ಕೆಮ್ಮು, ಯಾವುದೂ ಸರಿ. ಮೈಯೇನೋ ಮುಧೋಳದ ನಾಯಿಯ ಹಾಗೆ ಸಣಕಲು. ಆದರೆ ಅದು ಬೇಟೆಯಾಡುತ್ತದೆ, ನಾನು ಬರೀ ಬೊಗಳುತ್ತೇನೆ. ಆ ಆಯಸ್ಕಾಂತದ ಮನುಷ್ಯನ ದನಿ ತೆಗೆದಾಗ ಮಾತ್ರ ಬಾಯಿ ಮುಕ್ಕಳಿಸಿ ಉಗುಳಬೇಕು ಅನಿಸುತ್ತದೆ.

ತೊಂಬತ್ತರ ದಶಕದ ಕೊನೆಗೆ ಬನಹಟ್ಟಿಯ ನಮ್ಮ ಮನೆಯಲ್ಲಿ ಅಪ್ಪನ ತಮ್ಮ, ನನ್ನ ಕಾಕಾ, ಪಾವರ್‌ಲೂಮಿನಲ್ಲಿ ಸೀರೆ ನೇಯುತ್ತಿದ್ದ. ಪಕ್ಕದ ಮನೆಯ ಮಗ್ಗದಲ್ಲಿ ಎಳೆ ಹರಿದರೂ ಸಪ್ಪಳದಲ್ಲೇ ಗುರುತಿಸಿ ಗೋಡೆಯಾಚೆಗೆ ಕೂಗಿ ಹೇಳುವವನು. ಅಂಥವನು ಒಮ್ಮೆ ಮಾತೇ ಬಿಟ್ಟ. ಉಣ್ಣಲು ಕೂಡಿಸಿದರೆ ರೊಟ್ಟಿಯನ್ನು ನೋಡುತ್ತ ಕೂಡುವನು. ಒಬ್ಬನೇ ಹೋಗಿ ಬಾವಿಯ ಕಟ್ಟೆಯ ಮೇಲೆ ನಿಂತ ದಿನ ಅಪ್ಪ ಹೆದರಿ ಧಾರವಾಡದ ಮನೋವೈದ್ಯರ ಹತ್ತಿರ ಕರೆದೊಯ್ದ. ಅವರು ಗುಳಿಗೆ ಕೊಟ್ಟು, ನಡುವೆ ಬಿಡಬೇಡಿ ಎಂದರು. ಊಟ ಹತ್ತಿತು, ನಿದ್ದೆ ಹತ್ತಿತು. ಮಾತು ಮಾತ್ರ ಬರಲಿಲ್ಲ. ಮನೆಯವರಿಗೆ ತಾಳ್ಮೆಯೂ ಇರಲಿಲ್ಲ.

ಆಗ ಮಹಾಲಿಂಗಪುರದ ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಸಫಾರಿ ತೊಟ್ಟ ಒಬ್ಬ ಮಹಾಶಯ ಅಂಗಡಿ ಹೂಡಿದ್ದ. ಅವನ ಸರಕು ಉಣ್ಣೆಯ ಟೊಪ್ಪಿಗೆ. ಅದರೊಳಗೆ ಹೊಲಿದ ಆಯಸ್ಕಾಂತದ ಬಿಲ್ಲೆಗಳು. ಅಪ್ಪ ಕಾಕಾನನ್ನೂ ನನ್ನನ್ನೂ ಕರೆದುಕೊಂಡು ಹೋದ.

"ಪರದೇಶದಾಗ ದೊಡ್ಡ ದೊಡ್ಡ ಡಾಕ್ಟರು ತಲಿಗೆ ಮ್ಯಾಗ್ನೆಟ್ ಹಿಡದು ಮನಸಿನ ರೋಗ ಬಿಡಸಾಕತ್ತಾರ್ರಿ," ಎಂದ ಮಹಾಶಯ. "ಕತ್ತರಿ ಇಲ್ಲ, ಸೂಜಿ ಇಲ್ಲ. ಅದನ್ನ ನಿಮ್ಮ ಬಾಗಲಿಗೆ ತಂದೇನಿ. ಗುಳಿಗಿ ಬಂದ್ ಮಾಡ್ರಿ. ಅವು ಮ್ಯಾಗ್ನೆಟ್ಟಿನ ಶಕ್ತಿ ತಿಂತಾವು."

"ಸರ, ನಮ್ಮ ರೇಡಿಯೋದ ಸ್ಪೀಕರಿನಾಗೂ ಮ್ಯಾಗ್ನೆಟ್ ಐತ್ರಿ," ಎಂದೆ ನಾನು. "ಅದು ದಿನಾ ಮಾತಾಡತೈತಿ. ಅದನ್ನ ಕಾಕಾನ ತಲಿಗೆ ಕಟ್ಟಲೇನ್ರಿ?"

"ಸುಮ್ಮ ಕುಂದರಲೇ ಮಂಗ್ಯಾ," ಎಂದ ಅಪ್ಪ.

ಮಂಗ ಸುಮ್ಮನೆ ಕೂತಿತು. ಬಿರುಬಿಸಿಲಿನಲ್ಲಿ ಕಾಕಾ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು ಬೆವೆತ. ಗುಳಿಗೆಗಳು ಗೋಡೆಯ ಗೂಡಿನಲ್ಲಿ ಧೂಳು ತಿಂದವು. ಹತ್ತಿದ ನಿದ್ದೆ ಮತ್ತೆ ಹೋಯಿತು.

ಒಂದು ಬೆಳಗ್ಗೆ ಕಾಕಾ ತಾನೇ ಎದ್ದು ಮಗ್ಗದ ಮುಂದೆ ನಿಂತಿದ್ದ. ಅವನ ಹೆಂಡತಿ, ನಮ್ಮ ಕಾಕು, ಕಣ್ಣೊರೆಸಿಕೊಂಡಳು: "ನೋಡ್ರಿ, ಯಾರೂ ಹೇಳದ ಕೆಲಸಕ್ಕ ಹತ್ಯಾರ." ಅಪ್ಪ ಆ ಮಹಾಶಯನನ್ನೇ ಕರೆತಂದ. ಅವನು ಟೊಪ್ಪಿಗೆಯನ್ನು ಮಗುವಿನ ತಲೆಯಂತೆ ತಟ್ಟಿದ. "ಗುಣ ಹತ್ತೈತ್ರಿ. ಕಾಯಕ ನೆನಪಾತು, ಇನ್ನ ಮಾತು ಬರತೈತಿ."

ಹೊಸ್ತಿಲಲ್ಲಿ ಕೂತಿದ್ದ ನಮ್ಮ ಅಜ್ಜಿ ಅವನನ್ನು ಕಣ್ಣೆತ್ತಿ ನೋಡಿದಳು. "ಇವತ್ತು ಅಮಾಸಿ ಐತೋ ಯಪ್ಪಾ. ಯಾವ ನೇಕಾರ ಮಗ್ಗ ಮುಟ್ಟತಾನ?"

ಅಮಾವಾಸ್ಯೆಗೆ ನಮ್ಮೂರಿನಲ್ಲಿ ಮಗ್ಗ ನಿಲ್ಲುತ್ತದೆ. ತೊಳೆದು ಪೂಜೆ ಮಾಡಿ ಬಿಟ್ಟರೆ ಕುಡುಕ ನೇಕಾರನೂ ಅತ್ತ ಹೋಗುವುದಿಲ್ಲ. ನಮಗೆಲ್ಲ ಗೊತ್ತಿದ್ದದ್ದೇ. ಆಸೆಯಲ್ಲಿ ಎಲ್ಲರೂ ಬೇಕಂತಲೇ ಮರೆತಿದ್ದೆವು. ಹತ್ತಿರ ಹೋಗಿ ನೋಡಿದರೆ ಕಾಕಾನ ಬೆರಳುಗಳು ಹರಿಯದ ಎಳೆಗಳನ್ನು ಗಂಟು ಹಾಕುತ್ತಿದ್ದವು. ಪಕ್ಕದ ಮನೆಯ ಎಳೆ ಹರಿದದ್ದನ್ನು ಕೇಳುತ್ತಿದ್ದವನಿಗೆ ಇಡೀ ಊರೇ ಸ್ತಬ್ಧವಾದದ್ದು ಕೇಳಿಸಿರಲಿಲ್ಲ.

"ಗುಣ ಹತ್ತೈತ್ರಿ," ಎಂದೆ ನಾನು, ಮಹಾಶಯನದೇ ದನಿಯಲ್ಲಿ. ಈ ಸಲ ಅಪ್ಪ ಮಂಗ್ಯಾ ಅನ್ನಲಿಲ್ಲ. ಮಹಾಶಯನ ತೋಳು ಹಿಡಿದು ಬಾಗಿಲ ಹೊರಗೆ ಬಿಟ್ಟು ಬಂದ.

ಮತ್ತೆ ಧಾರವಾಡಕ್ಕೆ ಹೋದಾಗ ವೈದ್ಯರು ಟೊಪ್ಪಿಗೆಯನ್ನು ತಿರುವಿ ನೋಡಿ ಮೇಜಿನ ಮೇಲೆ ಒಗೆದರು. "ಹೊರದೇಶದಾಗ ಪರೀಕ್ಷಾ ನಡದದ್ದು ಖರೆ. ಅದು ಕರೆಂಟಿನ ಸುರುಳಿ. ತಲಿ ಮ್ಯಾಲೆ ಹಿಡದು ಮಿದುಳಿನ ಒಂದು ಜಾಗಾಕ್ಕ ತಟ್ಟತಾರ. ಯಾರಿಗೆ ಹಿಡಸ್ತದ, ಎಷ್ಟು ದಿನ ನಿಲ್ಲತದ, ಅವರಿಗೇ ಇನ್ನೂ ಪೂರಾ ಗೊತ್ತಿಲ್ಲ. ನಾಳೆ ಸಿದ್ಧ ಆದ್ರ ನಾನ ಬರದು ಕೊಡತೀನಿ. ಇದು ಅದರ ನೆರಳೂ ಅಲ್ಲ. ಗುಳಿಗಿ ಯಾಕ ಬಿಡಿಸಿದ್ರಿ?"

ಅಪ್ಪ ಟೊಪ್ಪಿಗೆಯನ್ನು ಚೀಲಕ್ಕೆ ತುರುಕಿಕೊಂಡ. ನನಗೆ ಮಾತ್ರ ಸಿಟ್ಟು ಇಂದಿಗೂ ಇಳಿದಿಲ್ಲ. ಅಲ್ಲೆಲ್ಲೋ ಪರದೇಶದಲ್ಲಿ ಒಲೆಯ ಮೇಲಿನ ಅನ್ನ ಆಗಿನ್ನೂ ಬೇಯುತ್ತಿತ್ತು. ಈ ಮಹಾಶಯ ಇಲ್ಲಿ ಖಾಲಿ ತಾಟು ಇಟ್ಟು, ಎದುರಿಗಿದ್ದ ಗಂಜಿಯನ್ನೂ ಚೆಲ್ಲಿಸಿದ. ನಾವು ಮತ್ತೆ ಮಹಾಲಿಂಗಪುರಕ್ಕೆ ಹೋದಾಗ ಲಾಡ್ಜಿನ ಕೋಣೆಗೆ ಬೀಗ ಬಿದ್ದಿತ್ತು. ಟೊಪ್ಪಿಗೆಯ ಬಿಲ್ಲೆಗಳನ್ನು ಬಿಚ್ಚಿ ಕಾಕುಗೆ ಕೊಟ್ಟೆ. ನೆಲಕ್ಕೆ ಬಿದ್ದ ಸೂಜಿ ಹುಡುಕಲು ಬಳಸುತ್ತಾಳೆ. ಆ ಕೆಲಸಕ್ಕೆ ಅವು ಪೂರ್ತಿ ಸಿದ್ಧವಾಗಿವೆ.

ಗುಳಿಗೆ ಮತ್ತೆ ಶುರುವಾಗಿ ಬೇಸಿಗೆ ಕಳೆದು, ಮಳೆಗಾಲ ಮುಗಿದು, ಶೀಗಿ ಹುಣ್ಣಿಮೆಯೂ ಆಗಿತ್ತು. ಒಂದು ಸಂಜೆ ಅಂಗಳದಲ್ಲಿ ಓಣಿಯವರಿಗೆ ನನ್ನ ಆಟ ನಡೆದಿತ್ತು. ಮಹಾಶಯನ ದನಿ ತೆಗೆದು ನಗಿಸಿದ ಮೇಲೆ ಮಗ್ಗದ ಸಪ್ಪಳ ಹಿಡಿದೆ. ಖಟ್ ಪಟ್, ಖಟ್ ಪಟ್. ಉಸಿರು ಸಾಲದೆ ನಡುವೆ ತುಸು ತಪ್ಪಿತು. ಗೋಡೆಗೊರಗಿ ಕೂತಿದ್ದ ಕಾಕಾ ತಲೆಯೆತ್ತಿದ.

"ಲೇ," ಎಂದ, "ನಿನ್ನ ಮಗ್ಗದಾಗ ಎಳಿ ಹರದೈತಿ. ಬಂದ್ ಮಾಡು."

ಬಂದ್ ಮಾಡಿದೆ.